ನಾಲ್ಕನೇ ಚೌಕದ ನಗು

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಬಂತು ಅಂದ್ರೆ ನಮ್ಮ ಆಫೀಸಿನ ಲಿಫ್ಟ್ ಪಕ್ಕ ಒಂದು ಕಾಮಿಕ್ಸ್ ಪೋಸ್ಟರ್ ಅಂಟಿಸ್ತಾರೆ. ಒಟ್ಟು ನಾಲ್ಕು ಚೌಕ. ಮೊದಲನೆಯದರಲ್ಲಿ ಹುಡುಗ ತಲೆ ಮೇಲೆ ಕೈಹೊತ್ತು ಕೂತಿದಾನೆ. ಎರಡರಲ್ಲಿ ಗೆಳೆಯ ಬಂದ. ಮೂರರಲ್ಲಿ ಮಾತಾಡಿದರು. ನಾಲ್ಕರಲ್ಲಿ ಹುಡುಗ ನಗ್ತಿದಾನೆ. ನಮ್ಮೂರಲ್ಲಿ ನೆಗಡಿ ಕೂಡ ಇಷ್ಟು ಬೇಗ ಬಿಡಲ್ಲ ಸ್ವಾಮಿ!

ನನಗೆ ಸಿಟ್ಟಿರೋದು ಆ ನಾಲ್ಕನೇ ಚೌಕದ ಮೇಲೆ. ಅದು ಕಾಯಿಲೆ ಬಿದ್ದವನಿಗಾಗಿ ಬರೆದದ್ದಲ್ಲ, ನೋಡೋರಿಗೆ ಕಸಿವಿಸಿ ಆಗದಿರಲಿ ಅಂತ ಬರೆದದ್ದು. 'ಮಾತಾಡಿದ್ಯಲ್ಲ, ಇನ್ನು ನಗು' ಅನ್ನೋ ಹುಕುಂ ಅದು.

ಅಮೆರಿಕದ ಆಲಿ ಬ್ರಾಷ್ ತಮ್ಮ ಖಿನ್ನತೆಯ ಬಗ್ಗೆ 2011ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಮಿಕ್ಸ್ ಬರೆದರು. ಚಿಕ್ಕ ಮಕ್ಕಳು ಕಂಪ್ಯೂಟರಲ್ಲಿ ಗೀಚಿದಂಥ ಚಿತ್ರಗಳು. ಒಳಗೆ ಏನೂ ಅನಿಸದಿದ್ದರೂ ಎದುರಿನವರಿಗೋಸ್ಕರ ಮುಖದ ಸ್ನಾಯುಗಳನ್ನ ಲೆಕ್ಕ ಹಾಕಿ ಎಳೆದು ಕೂರಿಸಬೇಕಾದ ಕಷ್ಟವನ್ನ ಅವರು ತೋರಿಸ್ತಾರೆ. ಇನ್ನೊಂದು ಕಡೆ, ಒಬ್ಬರ ಮೀನುಗಳು ಸತ್ತುಹೋಗಿವೆ. ಸತ್ತಿವೆ ಅಂತ ಎಷ್ಟು ಹೇಳಿದ್ರೂ ಜನ 'ಹುಡುಕು, ಸಿಗುತ್ವೆ' ಅಂತಲೇ ಸಮಾಧಾನ ಹೇಳ್ತಾರೆ. ಕೊನೆಗೊಂದು ದಿನ, ಅಡುಗೆಮನೆ ನೆಲದ ಮೇಲೆ ಅಳ್ತಾ ಬಿದ್ದಿರೋವಾಗ, ಫ್ರಿಜ್ಜಿನಡಿ ಒಣಗಿದ ಜೋಳದ ಕಾಳೊಂದು ಕಂಡು ಬ್ರಾಷ್‌ಗೆ ತಡೆಯಲಾರದಷ್ಟು ನಗು ಬರುತ್ತೆ. ಯಾಕೆ ಅಂತ ಅವರಿಗೇ ಗೊತ್ತಿಲ್ಲ. ಆ ನಗು ಯಾರ ಹುಕುಮಿಗೂ ಬಂದದ್ದಲ್ಲ. ಅದಕ್ಕೇ ನಂಬ್ತೀನಿ.

'ಭರವಸೆ ತೋರಿಸದಿದ್ರೆ ಜನ ಹೆದರಲ್ವಾ?' ಅಂತೀರಿ. ಕಾಲು ಮುರಿದವನ ಪೋಸ್ಟರಲ್ಲಿ ಅವನು ಓಡಲೇಬೇಕು ಅಂತ ಯಾರಾದ್ರೂ ಹಟ ಹಿಡೀತಾರಾ? ಗುಣ ಆಗುತ್ತೆ ಅನ್ನೋದು ಬೇರೆ, ಗುಣ ಆದವನ ಹಾಗೆ ಕಾಣು ಅನ್ನೋದು ಬೇರೆ. ಎರಡನೆಯದಕ್ಕೆ ಹೆದರಿದವನು ಡಾಕ್ಟರ ಹತ್ರಾನೂ 'ಚೆನ್ನಾಗಿದೀನಿ' ಅಂದುಬಿಡ್ತಾನೆ.

ನಾನೂ ಅಂದಿದ್ದೆ. ಆಸ್ಪತ್ರೆಗೆ ಹೋದ ದಿನ ರಜೆ ಮೇಲಲ್ಲಿ 'ವೈರಲ್ ಫೀವರ್' ಅಂತ ಬರೆದೆ. ಮಾರನೇ ದಿನ ಸ್ಟ್ಯಾಂಡಪ್‌ನಲ್ಲಿ ಕ್ಯಾಮೆರಾ ಆನ್ ಮಾಡಿ ನಕ್ಕೆ. ಊರಿಂದ ಅಮ್ಮ ಫೋನ್ ಮಾಡಿ 'ಉಂಡ್ಯೇನಪ್ಪಾ' ಅಂದ್ರೆ ಉಪವಾಸ ಇದ್ದೂ 'ಹೂಂ' ಅಂದೆ.

ಹಾಗಾಗಿ, ಪೋಸ್ಟರ್ ಮಾಡೋರೇ, ಮುಂದಿನ ವರ್ಷ ನಾಲ್ಕನೇ ಚೌಕದಲ್ಲೂ ಹುಡುಗ ಸಪ್ಪಗೇ ಕೂತಿರಲಿ. ಗೆಳೆಯ ಪಕ್ಕದಲ್ಲೇ ಇರಲಿ. ಕೆಳಗೆ ಟೆಲಿ ಮಾನಸ್ ನಂಬರ್ 14416 ಹಾಕಿ. ನಗು ಬಂದಾಗ ಬರುತ್ತೆ.