ಹೊರಬರುವ ದಾರಿಗೂ ಬೀಗ ಬೇಡ

2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್‌ ಒಂದರಲ್ಲಿ ಬೆಂಕಿ ಹೊತ್ತಿಕೊಂಡು ತಾಯಿ, ಮಗಳು ಮೃತಪಟ್ಟರು. ರಕ್ಷಣೆಗೆಂದು ಬಾಲ್ಕನಿಗೆ ಹಾಕಿಸಿದ್ದ ಗ್ರಿಲ್ಲೇ ಅವರು ಪಾರಾಗಲು ಅಡ್ಡಿಯಾಯಿತು. 2025ರ ಮೇ 18ರಂದು ಹೈದರಾಬಾದ್‌ನ ಚಾರ್‌ಮಿನಾರ್‌ ಸಮೀಪ, ಅಂಗಡಿಗಳ ಮೇಲಿದ್ದ ಮನೆಯಲ್ಲಿ ಎಂಟು ಮಕ್ಕಳೂ ಸೇರಿ 17 ಮಂದಿ ಅಸುನೀಗಿದರು. ಅಲ್ಲಿದ್ದುದು ಇಕ್ಕಟ್ಟಾದ ಒಂದೇ ದಾರಿ. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ನಗರ್ತಪೇಟೆಯಲ್ಲಿ ಗೋದಾಮಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಐವರು ಬಲಿಯಾದರು. ಬೆಂಕಿ ಹೇಗೆ ಹೊತ್ತಿತು ಎಂಬುದರಷ್ಟೇ ಮುಖ್ಯವಾದುದು, ಒಳಗಿದ್ದವರು ಹೊರಬರಲು ಸಾಧ್ಯವಿತ್ತೇ ಎಂಬ ಪ್ರಶ್ನೆ.

ಅಗ್ನಿ ಅವಘಡಗಳಲ್ಲಿ ಜ್ವಾಲೆಗಿಂತ ಮೊದಲು ಹೊಗೆಯೇ ಪ್ರಾಣಾಂತಿಕವಾಗುತ್ತದೆ. ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಅಗ್ನಿಶಾಮಕ ವಾಹನ ಸಂಚಾರ ದಟ್ಟಣೆಯನ್ನು ದಾಟಿ ಬರುವವರೆಗೆ ಕಾಯುವಷ್ಟು ಅವಕಾಶ ಇರುವುದಿಲ್ಲ. ಹೀಗಿದ್ದರೂ ಅಗ್ನಿಸುರಕ್ಷತೆಯ ಕಟ್ಟುನಿಟ್ಟು ಬಹುತೇಕ ಎತ್ತರದ ಕಟ್ಟಡಗಳಿಗಷ್ಟೇ ಸೀಮಿತವಾಗಿದೆ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಮೂರು, ನಾಲ್ಕು ಅಂತಸ್ತು ಎಬ್ಬಿಸಿ, ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು ಜಡಿದು, ಮೆಟ್ಟಿಲ ಕೆಳಗೇ ವಿದ್ಯುತ್ ಮೀಟರ್, ವಾಹನ ಇರಿಸುವ ಮನೆಗಳತ್ತ ಯಾರ ಗಮನವೂ ಹರಿಯುವುದಿಲ್ಲ.

ಕಳ್ಳರ ಭಯ ನಿರಾಧಾರವೇನಲ್ಲ. ಆದರೆ ಸರಳುಗಳನ್ನು ತೆಗೆದುಹಾಕಬೇಕಿಲ್ಲ. ಪ್ರತಿ ಅಂತಸ್ತಿನಲ್ಲೂ ಒಂದು ಕಿಟಕಿ ಅಥವಾ ಬಾಲ್ಕನಿಯ ಗ್ರಿಲ್ ಒಳಗಿನಿಂದ ತೆರೆಯುವಂತಿದ್ದರೆ ಸಾಕು. ಅದರ ಕೀಲಿ ಎಲ್ಲಿದೆಯೆಂದು ಮಕ್ಕಳಿಗೂ ವೃದ್ಧರಿಗೂ ತಿಳಿದಿರಬೇಕು. ಮೆಟ್ಟಿಲ ಬಳಿ ಹಳೆಯ ಸಾಮಾನು ಪೇರಿಸಬಾರದು. ವಿದ್ಯುತ್ ಸ್ಕೂಟರ್‌ನ ಬ್ಯಾಟರಿಯನ್ನು ಅಲ್ಲಿ ಚಾರ್ಜ್‌ಗೆ ಇಡಬಾರದು. ಅಡುಗೆ ಅನಿಲದ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ಸರ್ಕಾರದ ಹೊಣೆಯೂ ಇದೆ. ನಕ್ಷೆ ಮಂಜೂರಾತಿಯ ಹಂತದಲ್ಲೇ ತೆರೆಯಬಲ್ಲ ಗ್ರಿಲ್ಲನ್ನು ಕಡ್ಡಾಯಗೊಳಿಸಬೇಕು. ವಾಸದ ಮನೆಗಳ ಕೆಳಗೆ ಸುಲಭವಾಗಿ ಉರಿಯುವ ಸರಕಿನ ದಾಸ್ತಾನಿಗೆ ಅವಕಾಶ ನೀಡಬಾರದು. ದುರಂತ ನಡೆದಾಗ ಪರಿಹಾರ ಘೋಷಿಸಿ, ತನಿಖೆಗೆ ಆದೇಶಿಸಿ ಕೈತೊಳೆದುಕೊಳ್ಳುವ ಪರಿಪಾಟ ನಿಲ್ಲಬೇಕು. ಒಂದು ಚಿಲಕ, ಒಂದು ತಿರುಗಣೆಯ ಖರ್ಚಿನಲ್ಲಿ ಉಳಿಸಬಹುದಾದ ಜೀವಗಳನ್ನು ಕಳೆದುಕೊಳ್ಳುವುದು ಅಕ್ಷಮ್ಯ.