ಬಾಗಿಲು ಮುಚ್ಚಿದರೂ ಬಾಡಿಗೆ ನಿಲ್ಲದು

ಎಂಜಿನಿಯರಿಂಗ್ ಓದುವ ನನ್ನಂಥವರು ಪೂಲ್ ಪಾರ್ಲರ್‌ನಲ್ಲಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಆಡುತ್ತೇವೆ. ಆ ವ್ಯಾಪಾರದ ಕಷ್ಟವೂ ಗಂಟೆಯಲ್ಲೇ ಇದೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ಬಟ್ಟೆ ಅಂಗಡಿಯವರಿಗೆ ಉಳಿದ ಸರಕನ್ನು ಮುಂದೆ ಮಾರುವ ಆಸೆಯಾದರೂ ಇತ್ತು. ಖಾಲಿ ಹೋದ ಟೇಬಲ್‌ನ ಗಂಟೆಯನ್ನು ಮತ್ತೆ ಮಾರಲಾಗದು. ಬಾಡಿಗೆ ಮಾತ್ರ ತಿಂಗಳು ತಿಂಗಳು ಏರುತ್ತಲೇ ಹೋಗುತ್ತದೆ.

ಕೇಂದ್ರ ಸರ್ಕಾರ ಆಗ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ತಂದಿತು, ನಿಜ. ಆದರೆ ಆರಂಭದಲ್ಲಿ ಸಿಗುತ್ತಿದ್ದುದು ಹಳೆಯ ಸಾಲದ ಬಾಕಿಯ ಶೇ 20ರಷ್ಟು. ಬ್ಯಾಂಕಿನ ಸಾಲವಿಲ್ಲದೆ, ಉಳಿತಾಯ ಮತ್ತು ಕೈಸಾಲದಲ್ಲಿ ನಾಲ್ಕು ಟೇಬಲ್ ಹಾಕಿಕೊಂಡವರಿಗೆ ಸೊನ್ನೆಯ ಶೇ 20 ಸೊನ್ನೆಯೇ! ಅಂಥವರ ಅಳಿವು-ಉಳಿವು ಕಟ್ಟಡದ ಮಾಲೀಕರ ಮರ್ಜಿಗೆ ಬಿಟ್ಟಿದ್ದಾಯಿತು. ಸರ್ಕಾರವೇ ಬಾಗಿಲು ಹಾಕಿಸಿದರೆ, ಬಾಡಿಗೆಯಲ್ಲೂ ಅದು ಪಾಲು ಹೊರಬೇಕಲ್ಲವೇ?