ಏಳು ದಿನದಲ್ಲಿ ಫ್ಯಾಟಿ ಲಿವರ್ ಮಾಯವಾಗುತ್ತದೆಯೇ? ತೂಕ ಇಳಿಕೆಯ ಅಸಲಿ ಲೆಕ್ಕ ಇಲ್ಲಿದೆ

‘ಖಾಲಿ ಹೊಟ್ಟೆಯಲ್ಲಿ ಈ ಜ್ಯೂಸ್ ಕುಡಿಯಿರಿ, ಏಳೇ ದಿನದಲ್ಲಿ ಲಿವರ್ ಕೊಬ್ಬು ಕರಗುತ್ತದೆ’ ಎಂಬಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದವರು ಇದನ್ನು ನಂಬುವುದು ಸಹಜ. ಆದರೆ ಲಿವರ್ ಕೊಬ್ಬನ್ನು ವಾರದಲ್ಲಿ ತೊಳೆದು ತೆಗೆಯುವ ಯಾವ ಜ್ಯೂಸ್ ಕೂಡ ಇಲ್ಲ. ನಿಧಾನವಾಗಿ ತೂಕ ಇಳಿಸುವುದರಿಂದ ಕಾಯಿಲೆ ಹಿಮ್ಮೆಟ್ಟಬಹುದು ಎಂಬುದಕ್ಕೆ ಗಟ್ಟಿ ಆಧಾರವಿದೆ. ಎಷ್ಟು ಇಳಿಸಬೇಕು, ಹೇಗೆ ಇಳಿಸಬೇಕು ಎಂಬುದನ್ನು ನೋಡೋಣ.

ಫ್ಯಾಟಿ ಲಿವರ್ ಎಂದರೇನು?

ಲಿವರ್‌ನ ಜೀವಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಕೋಶಗಳಲ್ಲಿ ಕೊಬ್ಬು ತುಂಬಿಕೊಂಡರೆ ಅದು ಫ್ಯಾಟಿ ಲಿವರ್. ಮದ್ಯಪಾನ ಒಂದು ಕಾರಣ. ಆದರೆ ಮದ್ಯ ಮುಟ್ಟದವರಿಗೂ ಇದು ಬರುತ್ತದೆ. ನಾವು ತಿಂದ ಸಕ್ಕರೆ, ಪಿಷ್ಟ ಖರ್ಚಾಗದೆ ಉಳಿದಾಗ ಲಿವರ್ ಅದನ್ನು ಕೊಬ್ಬಾಗಿ ಬದಲಿಸುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಹೊಟ್ಟೆಯ ಸುತ್ತಲಿನ ಕೊಬ್ಬೂ ಲಿವರ್‌ಗೆ ಬಂದು ಸೇರುತ್ತದೆ.

ಆರಂಭದಲ್ಲಿ ಸಾಮಾನ್ಯವಾಗಿ ನೋವೂ ಇಲ್ಲ, ಲಕ್ಷಣವೂ ಇಲ್ಲ. ಕೆಲವರಲ್ಲಿ ಮಾತ್ರ ಉರಿಯೂತ ಶುರುವಾಗಿ, ಗಾಯದ ಕಲೆಯಂತೆ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ಇದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ಅದು ಸಿರೋಸಿಸ್‌ಗೆ ತಲುಪಿದರೆ ಹಿಂದಿರುಗುವುದು ಕಷ್ಟ. ಹಾಗಾಗಿ ಜ್ಯೂಸ್ ನಂಬಿ ಕಳೆದ ವರ್ಷಗಳಿಗೆ ಬೆಲೆ ತೆರಬೇಕಾಗಬಹುದು.

ಎಷ್ಟು ತೂಕ ಇಳಿಸಬೇಕು?

ಈಗಿನ ತೂಕದಲ್ಲಿ ಶೇ. 5ರಷ್ಟು ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. ಶೇ. 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ. ಅದಕ್ಕಿಂತ ಹೆಚ್ಚು ಇಳಿದರೆ ಗಟ್ಟಿಯಾದ ಭಾಗವೂ ಸುಧಾರಿಸುವ ಸಾಧ್ಯತೆ ಇದೆ.

ಕ್ಯೂಬಾದಲ್ಲಿ ಲಿವರ್ ಉರಿಯೂತವಿದ್ದ 293 ಮಂದಿಯನ್ನು ಒಂದು ವರ್ಷ ಆಹಾರ ಮತ್ತು ವ್ಯಾಯಾಮದ ಕ್ರಮದಲ್ಲಿಟ್ಟು ಪರೀಕ್ಷಿಸಲಾಯಿತು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಶೇ. 10 ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ಶೇ. 90ರಷ್ಟು ಮಂದಿಗೆ ಉರಿಯೂತ ವಾಸಿಯಾಗಿತ್ತು. ಶೇ. 45ರಷ್ಟು ಮಂದಿಯಲ್ಲಿ ಫೈಬ್ರೋಸಿಸ್ ಕೂಡ ಕಡಿಮೆಯಾಗಿತ್ತು. ಆದರೆ ಕನಿಷ್ಠ ಶೇ. 5ರಷ್ಟಾದರೂ ಇಳಿಸಲು ಸಾಧ್ಯವಾದದ್ದು ಶೇ. 30ರಷ್ಟು ಮಂದಿಗೆ ಮಾತ್ರ. ಅಂದರೆ ಮದ್ದು ಕೆಲಸ ಮಾಡುತ್ತದೆ, ಪಾಲಿಸುವುದು ಸುಲಭವಲ್ಲ.

ನಿಮ್ಮ ತೂಕ 80 ಕೆಜಿ ಎಂದುಕೊಳ್ಳಿ. ಶೇ. 5 ಎಂದರೆ 4 ಕೆಜಿ, ಶೇ. 10 ಎಂದರೆ 8 ಕೆಜಿ. ವಾರಕ್ಕೆ ಅರ್ಧ ಕೆಜಿಯಂತೆ ಇಳಿದರೆ 8 ಕೆಜಿಗೆ 16 ವಾರ, ಸುಮಾರು ನಾಲ್ಕು ತಿಂಗಳು ಬೇಕು.

ಬೇಗ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ?

ಅಲ್ಲ. ಸುರಕ್ಷಿತ ವೇಗ ವಾರಕ್ಕೆ ಅರ್ಧದಿಂದ ಒಂದು ಕೆಜಿ. ಊಟ ಬಿಟ್ಟು ಅತಿ ವೇಗವಾಗಿ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚು, ಮಾಂಸಖಂಡವೂ ಕರಗುತ್ತದೆ. ಕೆಲವೊಮ್ಮೆ ಲಿವರ್ ಉರಿಯೂತವೇ ಜಾಸ್ತಿಯಾಗಬಹುದು.

‘ಗಿಡಮೂಲಿಕೆ ಮಾತ್ರೆ, ಅಡ್ಡ ಪರಿಣಾಮವಿಲ್ಲ’ ಎಂಬ ಜಾಹೀರಾತುಗಳ ಬಗ್ಗೆಯೂ ಎಚ್ಚರ ಬೇಕು. ನಮ್ಮ ಮಲೆನಾಡಿನ ಉಪ್ಪಾಗೆಯ ಸಾರವನ್ನೇ ಗಾರ್ಸಿನಿಯಾ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರುತ್ತಾರೆ. ಇಂಥ ಮಾತ್ರೆಗಳಿಂದ ಮತ್ತು ಗ್ರೀನ್ ಟೀ ಸಾರದ ಮಾತ್ರೆಗಳಿಂದ ಲಿವರ್‌ಗೇ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ಸಾರಿಗೆ ಹಾಕುವ ಹುಳಿಗೂ ಸಾಂದ್ರಗೊಳಿಸಿದ ಮಾತ್ರೆಗೂ ವ್ಯತ್ಯಾಸವಿದೆ.

ಯಾವ ಡಯಟ್ ಒಳ್ಳೆಯದು?

ಚೀನಾದ ಒಂದು ಅಧ್ಯಯನದಲ್ಲಿ ಫ್ಯಾಟಿ ಲಿವರ್ ಇದ್ದವರ ಎರಡು ಗುಂಪಿಗೂ ಒಂದೇ ರೀತಿ ಕ್ಯಾಲೊರಿ ಕಡಿಮೆ ಮಾಡಲಾಯಿತು. ಒಂದು ಗುಂಪು ದಿನದ ಎಂಟು ಗಂಟೆಯೊಳಗೆ ಮಾತ್ರ ತಿನ್ನುತ್ತಿತ್ತು. ವರ್ಷದ ಕೊನೆಯಲ್ಲಿ ಲಿವರ್ ಕೊಬ್ಬಿನ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಡಯಟ್‌ನ ಹೆಸರಿಗಿಂತ ಒಟ್ಟು ಎಷ್ಟು ತಿನ್ನುತ್ತೀರಿ, ಎಷ್ಟು ಕಾಲ ಪಾಲಿಸುತ್ತೀರಿ ಎಂಬುದು ಮುಖ್ಯ.

ಮೊದಲು ಕಡಿಮೆ ಮಾಡಬೇಕಾದದ್ದು ಸಕ್ಕರೆ ಹಾಕಿದ ಕಾಫಿ-ಟೀ, ಕೂಲ್ ಡ್ರಿಂಕ್ಸ್, ಹಣ್ಣಿನ ಜ್ಯೂಸ್, ಬೇಕರಿ ತಿಂಡಿ, ಕರಿದ ಪದಾರ್ಥ. ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಪಲ್ಯ, ಸೊಪ್ಪು, ಕಾಳು ಹೆಚ್ಚಾಗಲಿ. ರಾಗಿ ಮುದ್ದೆ ಒಳ್ಳೆಯದೇ. ಆದರೆ ಅದರಲ್ಲೂ ಪಿಷ್ಟವಿದೆ, ಅಳತೆ ಮೀರಬಾರದು. ಮದ್ಯ ಬಿಡುವುದೇ ಕ್ಷೇಮ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಇರಲಿ. ತೂಕ ಹೆಚ್ಚು ಇಳಿಯದಿದ್ದರೂ ವ್ಯಾಯಾಮದಿಂದ ಲಿವರ್ ಕೊಬ್ಬು ಕಡಿಮೆಯಾಗುತ್ತದೆ.

ಸಣ್ಣಗಿರುವವರಿಗೂ ಬರುತ್ತದೆಯೇ?

ಬರುತ್ತದೆ. ಭಾರತೀಯರಲ್ಲಿ ಬಿಎಂಐ 23 ದಾಟಿದರೇ ಅಧಿಕ ತೂಕ ಎಂದು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಮೀರಬಾರದು. ತೂಕ ಸರಿಯಿದ್ದು ಹೊಟ್ಟೆ ಮಾತ್ರ ಬಂದಿರುವವರಿಗೆ ಶೇ. 3ರಿಂದ 5ರಷ್ಟು ಇಳಿಕೆಯೂ ನೆರವಾಗಬಹುದು.

ಔಷಧಿ ಇಲ್ಲವೇ?

ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರಾಮ್, 2025ರಲ್ಲಿ ಸೆಮಾಗ್ಲುಟೈಡ್‌ಗೆ ಒಪ್ಪಿಗೆ ಸಿಕ್ಕಿದೆ. ಆದರೆ ಅವು ಉರಿಯೂತದ ಜೊತೆ ಫೈಬ್ರೋಸಿಸ್ ಮುಂದುವರಿದವರಿಗೆ, ಅದೂ ಆಹಾರ ಕ್ರಮ ಮತ್ತು ವ್ಯಾಯಾಮದ ಜೊತೆಗೆ.

ಹಾಗಾದರೆ ಏನು ಮಾಡಬೇಕು?

ಫ್ಯಾಟಿ ಲಿವರ್ ಎಂದು ಗೊತ್ತಾದರೆ ಶುಗರ್, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ವೈದ್ಯರನ್ನು ಕೇಳಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಸಿರೋಸಿಸ್ ಇರುವವರು ವೈದ್ಯರ ಸಲಹೆಯಿಲ್ಲದೆ ಡಯಟ್ ಶುರು ಮಾಡಬೇಡಿ. ಏಳು ದಿನದ ಜ್ಯೂಸ್ ಸಂದೇಶ ಮತ್ತೆ ಬಂದರೆ ಅದನ್ನು ಫಾರ್ವರ್ಡ್ ಮಾಡಬೇಡಿ, ಕಳಿಸಿದವರಿಗೆ ಈ ನಾಲ್ಕು ತಿಂಗಳ ಲೆಕ್ಕ ತಿಳಿಸಿ.